ಕೀಲಿನ ವಿಳಾಸಕ್ಕೇ ಔಷಧಿ: ರುಮಟಾಯ್ಡ್ ಸಂಧಿವಾತಕ್ಕೆ ಯಾವುದನ್ನು ಆರಿಸುವುದು?

ಬಾಗಲಕೋಟೆಯ ನವನಗರದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. "ಕೀಲಿಗೇ ನೇರವಾಗಿ ಹೋಗುವ ಔಷಧಿ ಬಂದಿದೆಯಂತೆ, ಇದ್ದರೆ ಅದನ್ನೇ ಕೊಡಿ" ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಕೆಲವರ ಕೈಯಲ್ಲಿ ಮೊಬೈಲಿನ ವಿಡಿಯೊ ಇರುತ್ತದೆ, ಕೆಲವರ ಕೈಯಲ್ಲಿ ಮಿರಜಿನದೋ ಹುಬ್ಬಳ್ಳಿಯದೋ ಚೀಟಿ. ಕೇಳುವವರ ತಪ್ಪೇನಿಲ್ಲ. ವರ್ಷಗಟ್ಟಲೆ ಗುಳಿಗೆ ನುಂಗಿ ಹೊಟ್ಟೆ ಕೆಡಿಸಿಕೊಂಡವರಿಗೆ, ನೋಯುವ ಬೆರಳಿಗಷ್ಟೇ ಔಷಧಿ ಹೋಗಿ ಉಳಿದ ಮೈಯನ್ನು ಅದರ ಪಾಡಿಗೆ ಬಿಟ್ಟರೆ ಸಾಕು ಎನಿಸುವುದು ಸಹಜ. ಗುಳೇದಗುಡ್ಡದಲ್ಲಿರುವ ನನ್ನ ಅಕ್ಕನೂ ಇದನ್ನೇ ಕೇಳಿದ್ದಳು. ಅವಳಿಗೆ ಈ ರೋಗ ಬಂದು ಆರು ವರ್ಷವಾಯಿತು. ಖಣ ನೇಯುವ ಮನೆಯಲ್ಲಿ ಮಣಿಕಟ್ಟು ಊದಿಕೊಂಡರೆ ಲಾಳಿಯೂ ನಿಲ್ಲುತ್ತದೆ, ರೊಟ್ಟಿ ಬಡಿಯುವುದೂ ನಿಲ್ಲುತ್ತದೆ. ಅವಳಿಗಾಗಿ ಮಾಡಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಾನು ಔಷಧಿ ಕೊಡುವವನು, ಬರೆದುಕೊಡುವವನಲ್ಲ. ಬರೆಯುವುದು ಕೀಲುರೋಗ ತಜ್ಞರ ಕೆಲಸ. ಅವರ ಮುಂದೆ ಕುಳಿತಾಗ ಏನು ಕೇಳಬೇಕು ಎಂದು ತಿಳಿದುಕೊಂಡಿರುವುದು ಮಾತ್ರ ನಮ್ಮ ಕೆಲಸ.

ಒಂದು ಮಾತನ್ನು ಮೊದಲೇ ಹೇಳಬೇಕು. ರುಮಟಾಯ್ಡ್ ಸಂಧಿವಾತ ವಯಸ್ಸಾಗಿ ಕೀಲು ಸವೆಯುವ ರೋಗವಲ್ಲ. ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿಬಿದ್ದು ಕೀಲಿನ ಒಳಪೊರೆಯನ್ನು ಊದಿಸುತ್ತದೆ, ಬಿಟ್ಟರೆ ಎಲುಬನ್ನೂ ಕೊರೆಯುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮುಂಜಾನೆ ಎದ್ದ ಮೇಲೆ ಬೆರಳುಗಳು ಗಂಟೆಗಟ್ಟಲೆ ಬಿಗಿದುಕೊಂಡಿರುವುದು, ಎರಡೂ ಕೈಗಳ ಸಣ್ಣ ಸಂದುಗಳು ಒಟ್ಟಿಗೇ ಊದುವುದು ಇದರ ಗುರುತು. ಆದರೆ ಚಿಕುನ್‌ಗುನ್ಯಾ ಬಂದುಹೋದ ಮೇಲೂ ತಿಂಗಳುಗಟ್ಟಲೆ ಇಂಥದೇ ನೋವು ಉಳಿಯುತ್ತದೆ. 2006ರ ಹಾವಳಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕುರಿ ದನಗಳ ನಡುವೆ ಇರುವವರಿಗೆ ಬ್ರುಸೆಲ್ಲಾ ಸೋಂಕಿನಿಂದಲೂ ಕೀಲು ನೋಯುತ್ತದೆ. ಆದ್ದರಿಂದ ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ (ಈ ರೋಗದ ಗುರುತಿನ ಪ್ರತಿಕಾಯಗಳು), ಇಎಸ್ಆರ್, ಸಿಆರ್‌ಪಿ (ಉರಿಯೂತದ ಅಳತೆ) ಎಂಬ ರಕ್ತ ಪರೀಕ್ಷೆಗಳಾಗಿ, ವೈದ್ಯರು ಕೈ ಮುಟ್ಟಿ ನೋಡಿ ರೋಗದ ಹೆಸರು ಖಚಿತವಾಗುವವರೆಗೆ ಕೆಳಗಿನ ಯಾವ ಹೋಲಿಕೆಯೂ ನಿಮಗೆ ಅನ್ವಯಿಸುವುದಿಲ್ಲ.

"ಗುರಿ" ಎಂಬ ಪದಕ್ಕೆ ಮೂರು ವಿಳಾಸ

ಗೊಂದಲದ ಮೂಲ ಈ ಪದದಲ್ಲೇ ಇದೆ. ಗುರಿಯಿಟ್ಟು ತಲುಪುವ ಔಷಧಿ ಎಂದು ಮೂರು ಬೇರೆ ಬೇರೆ ವಸ್ತುಗಳನ್ನು ಕರೆಯುತ್ತಾರೆ.

ಮೊದಲನೆಯದು ಜಾಗದ ಗುರಿ. ಮೊಣಕಾಲು ಊದಿದೆ, ಸೂಜಿಯಿಂದ ಔಷಧಿಯನ್ನು ಮೊಣಕಾಲಿನೊಳಗೇ ಬಿಡುತ್ತಾರೆ. ಇದು ಮನೆಯ ಬಾಗಿಲಿಗೇ ಹೋಗಿ ಕಾಗದ ಕೊಟ್ಟಂತೆ. ಎರಡನೆಯದು ಅಣುವಿನ ಗುರಿ. ಅಡಾಲಿಮುಮಾಬ್, ಟೋಫಾಸಿಟಿನಿಬ್ ಮುಂತಾದವು ಕೀಲನ್ನು ಹುಡುಕಿಕೊಂಡು ಹೋಗುವುದಿಲ್ಲ. ಅವು ಇಡೀ ಮೈಯನ್ನು ಸುತ್ತುತ್ತವೆ, ಆದರೆ ಉರಿಯೂತ ಹಬ್ಬಿಸುವ ಒಂದು ನಿರ್ದಿಷ್ಟ ಅಣುವನ್ನಷ್ಟೇ ಹಿಡಿಯುತ್ತವೆ. ಊರೆಲ್ಲ ತಿರುಗಿ ಒಂದೇ ಹೆಸರಿನ ಮನುಷ್ಯನನ್ನು ಹಿಡಿದ ಹಾಗೆ. ಆ ಹೆಸರಿನವನು ಕೀಲಿನಲ್ಲಿದ್ದರೂ ಹಿಡಿಯುತ್ತವೆ, ಕ್ಷಯದ ಕ್ರಿಮಿಯನ್ನು ಕಟ್ಟಿಹಾಕಿ ಪುಪ್ಪುಸದಲ್ಲಿ ಕಾವಲು ಕುಳಿತಿದ್ದರೂ ಹಿಡಿಯುತ್ತವೆ. ತೊಂದರೆ ಬರುವುದು ಇಲ್ಲಿಂದಲೇ. ಮೂರನೆಯದು ವಾಹನದ ಗುರಿ: ಔಷಧಿಯನ್ನು ಅತಿ ಸಣ್ಣ ಕೊಬ್ಬಿನ ಗುಳ್ಳೆಯಲ್ಲೋ ಪಾಲಿಮರ್ ಕಣದಲ್ಲೋ ತುಂಬಿ, ಅದು ಊದಿದ ಕೀಲಿನಲ್ಲೇ ಇಳಿಯುವಂತೆ ಮಾಡುವುದು. ವಿಡಿಯೊಗಳಲ್ಲಿ ಬರುವುದು ಈ ಮೂರನೆಯದು. ಅಂಗಡಿಯಲ್ಲಿ ಸಿಗುವುದು ಮೊದಲ ಎರಡು. ವಿಡಿಯೊ ನೋಡಿ ಬಂದು ಚೀಟಿಯಲ್ಲಿ "ಟಾರ್ಗೆಟೆಡ್" ಎಂಬ ಪದ ಕಂಡವರು ಎರಡೂ ಒಂದೇ ಎಂದುಕೊಳ್ಳುತ್ತಾರೆ.

ಏನನ್ನು ತೂಗಬೇಕು

ಅಕ್ಕನ ಜೊತೆ ಕುಳಿತು ಒಂದು ನೋಟುಪುಸ್ತಕದಲ್ಲಿ ಬರೆದ ಪ್ರಶ್ನೆಗಳು ಇವು. ಎಷ್ಟು ಕೀಲುಗಳು ಊದಿವೆ, ಒಂದೆರಡೋ ಹತ್ತಾರೋ? ಎಲುಬು ಕೊರೆಯುವುದನ್ನು ಈ ಔಷಧಿ ತಡೆಯುತ್ತದೆಯೋ, ಬರಿಯ ನೋವನ್ನು ಮರೆಸುತ್ತದೆಯೋ? ಕ್ಷಯ, ಕಾಮಾಲೆ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಯಾವುದಾದರೂ ಇದೆಯೇ? ಮಕ್ಕಳಾಗಬೇಕೇ? ಎಷ್ಟು ದಿನಕ್ಕೊಮ್ಮೆ ರಕ್ತ ಪರೀಕ್ಷೆ, ಅದಕ್ಕೆ ಎಷ್ಟು ದೂರ ಹೋಗಬೇಕು? ಮನೆಯಲ್ಲಿ ಫ್ರಿಜ್ ಇದೆಯೇ, ಮೇ ತಿಂಗಳಲ್ಲಿ ಕರೆಂಟ್ ಇರುತ್ತದೆಯೇ? ಕೊನೆಯದು ದುಡ್ಡು. ಒಂದು ತಿಂಗಳ ದುಡ್ಡಲ್ಲ, ಐದು ವರ್ಷದ ದುಡ್ಡು. ಈ ರೋಗದಲ್ಲಿ ಮೂರು ತಿಂಗಳು ದುಬಾರಿ ಔಷಧಿ ತೆಗೆದುಕೊಂಡು ನಾಲ್ಕನೆಯ ತಿಂಗಳು ಕೈಬಿಡುವುದಕ್ಕಿಂತ, ಅಗ್ಗದ ಔಷಧಿಯನ್ನು ಬಿಡದೆ ತೆಗೆದುಕೊಳ್ಳುವುದು ಎಷ್ಟೋ ಮೇಲು.

ಮೆಥೋಟ್ರೆಕ್ಸೇಟ್: ಸಂತೆಯ ದಿನದ ಗುಳಿಗೆ

ಹೋಲಿಕೆ ಇಲ್ಲಿಂದಲೇ ಆರಂಭವಾಗಬೇಕು, ಏಕೆಂದರೆ ಜಗತ್ತಿನ ಬಹುತೇಕ ತಜ್ಞರು ಚಿಕಿತ್ಸೆ ಆರಂಭಿಸುವುದೂ ಇದರಿಂದಲೇ. ಭೀಮಾವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಎಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲದ ಮೇಲೆ ಮಾಡಿದ ಕೆಲಸದಿಂದ ಹುಟ್ಟಿದ ಔಷಧಿ ಇದು. ಮೊದಲು ಬಂದದ್ದು ಕ್ಯಾನ್ಸರಿಗೆ. ಆ ಕಾರಣಕ್ಕೆ ಪೊಟ್ಟಣದ ಚೀಟಿ ಓದಿದವರು ಹೆದರುತ್ತಾರೆ. ಕೀಲಿಗೆ ಕೊಡುವ ಪ್ರಮಾಣ ತೀರ ಚಿಕ್ಕದು, ವಾರಕ್ಕೆ 7.5ರಿಂದ 25 ಮಿಲಿಗ್ರಾಂ. ಅಮೆರಿಕದಲ್ಲಿ 1988ರಲ್ಲಿ ಈ ರೋಗಕ್ಕೆ ಒಪ್ಪಿಗೆ ಸಿಕ್ಕಿತು. ಎಲುಬು ಕೊರೆಯುವುದನ್ನು ತಡೆಯುತ್ತದೆ, ಒಂದೆರಡಲ್ಲ, ಎಲ್ಲ ಕೀಲುಗಳನ್ನೂ ಮುಟ್ಟುತ್ತದೆ. ಖರ್ಚು ತಿಂಗಳಿಗೆ ನೂರರ ಲೆಕ್ಕದಲ್ಲಿ ಮುಗಿಯುತ್ತದೆ.

ಕೊರತೆಗಳೂ ಇವೆ. ಕೆಲಸ ಆರಂಭಿಸಲು ಆರರಿಂದ ಹನ್ನೆರಡು ವಾರ ಬೇಕು. ಮೊದಲ ಮೂರು ತಿಂಗಳು ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ ರಕ್ತಕಣಗಳ ಎಣಿಕೆ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ಆಗಬೇಕು. ಮದ್ಯ ಬಿಡಬೇಕು. ಗರ್ಭಕ್ಕೆ ಇದು ವಿಷ. ಮಗು ಬೇಕೆಂದವರು ವೈದ್ಯರ ಸಲಹೆಯಂತೆ ಒಂದರಿಂದ ಮೂರು ತಿಂಗಳು ಮೊದಲೇ ನಿಲ್ಲಿಸಬೇಕು. ಇನ್ನು ನಾನು ಗಲ್ಲೆಯ ಮೇಲೆ ಕುಳಿತು ದಿನವೂ ಹೆದರುವ ಸಂಗತಿ ಬೇರೊಂದಿದೆ: ವಾರಕ್ಕೊಮ್ಮೆಯ ಗುಳಿಗೆಯನ್ನು ದಿನವೂ ನುಂಗುವುದು. ಹಾಗೆ ನುಂಗಿ ಬಾಯಿತುಂಬ ಹುಣ್ಣಾಗಿ, ರಕ್ತಕಣ ಕುಸಿದು ಪ್ರಾಣಕ್ಕೇ ಕುತ್ತು ಬರುತ್ತದೆ. ಅದಕ್ಕೇ ನಾನು "ನಿಮ್ಮೂರ ಸಂತೆ ಯಾವತ್ತು?" ಎಂದು ಕೇಳಿ, ಪೊಟ್ಟಣದ ಮೇಲೆ "ಸಂತೆಯ ದಿನ ಮಾತ್ರ" ಎಂದು ದಪ್ಪಕ್ಷರದಲ್ಲಿ ಬರೆದುಕೊಡುತ್ತೇನೆ. ವಾರದ ಹೆಸರು ಮರೆಯುವ ಅಜ್ಜಿಯೂ ಸಂತೆ ಮರೆಯುವುದಿಲ್ಲ. ಫೋಲಿಕ್ ಆಮ್ಲದ ಗುಳಿಗೆ ಬೇರೆ ದಿನ. ಮೂತ್ರದ ಸೋಂಕಿಗೆಂದು ಕೋಟ್ರೈಮಾಕ್ಸಜೋಲ್ ಬರೆಸಿಕೊಂಡು ಬಂದರೆ, ಮೆಥೋಟ್ರೆಕ್ಸೇಟ್ ತೆಗೆದುಕೊಳ್ಳುತ್ತೇನೆ ಎಂದು ಬಾಯಿಬಿಟ್ಟು ಹೇಳಿ. ಎರಡೂ ಕೂಡಿದರೆ ಎಲುಬಿನ ಮಜ್ಜೆಗೆ ಅಪಾಯ.

ಈಗ ಬಹಳ ಜನಕ್ಕೆ ಗೊತ್ತಿಲ್ಲದ ಆಯ್ಕೆಗೆ ಬರೋಣ. ಇದೇ ಔಷಧಿ ಚರ್ಮದಡಿಯ ಇಂಜೆಕ್ಷನ್ ರೂಪದಲ್ಲೂ ಸಿಗುತ್ತದೆ. ಬಾಯಿಯಿಂದ ಕೊಟ್ಟಾಗ ವಾರಕ್ಕೆ 15 ಮಿಲಿಗ್ರಾಂ ದಾಟಿದ ಮೇಲೆ ಕರುಳು ಅಷ್ಟನ್ನು ಹೀರಿಕೊಳ್ಳುವುದಿಲ್ಲ. ಗುಳಿಗೆ ಹೆಚ್ಚುತ್ತದೆ, ವಾಕರಿಕೆ ಹೆಚ್ಚುತ್ತದೆ, ರಕ್ತ ಸೇರುವುದು ಮಾತ್ರ ಹೆಚ್ಚುವುದಿಲ್ಲ. ಇಂಜೆಕ್ಷನ್ನಿನಲ್ಲಿ ಈ ತಡೆ ಇಲ್ಲ, ಹಲವರಿಗೆ ವಾಕರಿಕೆಯೂ ಕಡಿಮೆ. ಔಷಧಿ ಅದೇ, ಸೇರುವ ದಾರಿ ಬೇರೆ. ಗುಳಿಗೆ ಸೋತಿತು ಎಂದು ಹತ್ತಾರು ಸಾವಿರದ ಔಷಧಿಗೆ ಹಾರುವ ಮುಂಚೆ "ಇದನ್ನೇ ಇಂಜೆಕ್ಷನ್ ಮಾಡಿ ನೋಡಬಹುದೇ?" ಎಂದು ಕೇಳುವುದು ನನ್ನ ಪ್ರಕಾರ ಈ ಇಡೀ ಬರಹದಲ್ಲಿ ಅತ್ಯಂತ ಲಾಭದ ಪ್ರಶ್ನೆ.

ಇದರ ಜೊತೆಗಾರರಾದ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್, ಲೆಫ್ಲುನೊಮೈಡ್ ಸಹ ಅಗ್ಗವೇ. ಮೊದಲನೆಯದಕ್ಕೆ ವರ್ಷಗಳು ಉರುಳಿದಂತೆ ಕಣ್ಣಿನ ಪರೀಕ್ಷೆ ಬೇಕು. ಲೆಫ್ಲುನೊಮೈಡ್ ಮೈಯಲ್ಲಿ ಬಹುಕಾಲ ಉಳಿಯುವುದರಿಂದ ಮಕ್ಕಳು ಬೇಕೆನ್ನುವವರಿಗೆ ಬೇಡವೇ ಬೇಡ. ಸಲ್ಫಾಸಲಜಿನ್ ಬಗ್ಗೆ ಒಂದು ಸ್ವಾರಸ್ಯವಿದೆ. ಸ್ವೀಡನ್ನಿನ ವೈದ್ಯೆ ನಾನ್ನಾ ಸ್ವಾರ್ಟ್ಜ್ ಇದನ್ನು ಬಳಕೆಗೆ ತಂದಾಗ ಸ್ಯಾಲಿಸಿಲಿಕ್ ಆಮ್ಲದ ಬಳಗದ ಔಷಧಿಯನ್ನೂ ಸಲ್ಫಾ ಔಷಧಿಯನ್ನೂ ಗಂಟುಹಾಕಿದ್ದರು. ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಆ ಗಂಟನ್ನು ಬಿಚ್ಚುತ್ತವೆ. ಇಂದಿನವರು ಗುರಿ ತಲುಪಿಸುವ ತಂತ್ರ ಎನ್ನುವುದರ ಮುತ್ತಜ್ಜಿ ಎನ್ನಬಹುದು, ವಿಳಾಸ ಮಾತ್ರ ಕೀಲಿನದಲ್ಲ, ಕರುಳಿನದು.

ಕೀಲಿನೊಳಗೇ ಸೂಜಿ

"ನೇರ ಕೀಲಿಗೆ" ಎಂಬ ಬಯಕೆ ಅಕ್ಷರಶಃ ಈಡೇರುವುದು ಇಲ್ಲೊಂದೇ ಕಡೆ. ಟ್ರಯಾಮ್ಸಿನೊಲೋನ್ ಅಥವಾ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡನ್ನು ಕೀಲಿನ ಒಳಕ್ಕೆ ಬಿಡುತ್ತಾರೆ. ಇವು ನೀರಿನಲ್ಲಿ ಬೇಗ ಕರಗದ ಹರಳುಗಳು, ಕೀಲಿನಲ್ಲೇ ಕುಳಿತು ನಿಧಾನವಾಗಿ ಕರಗುತ್ತವೆ. ಪರಿಣಾಮ ಕೆಲವು ದಿನಗಳಲ್ಲೇ ಕಾಣುತ್ತದೆ, ವಾರಗಳಿಂದ ಕೆಲವು ತಿಂಗಳವರೆಗೆ ಉಳಿಯುತ್ತದೆ. ಇಡೀ ಮೈಗೆ ಹೋಗುವ ಪ್ರಮಾಣ ದಿನವೂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಗುಳಿಗೆ ನುಂಗುವುದಕ್ಕಿಂತ ಬಹಳ ಕಡಿಮೆ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲಾ ಕೇಂದ್ರಗಳಲ್ಲಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ, ಎಲುಬು ಕೀಲು ವಿಭಾಗದವರಿಗೆ ಇದು ಕೈಪಳಗಿದ ಕೆಲಸ. ಬಿಡಿ ಖರ್ಚೂ ಕೈಗೆಟುಕುವಂಥದ್ದೇ.

ಹಾಗಾದರೆ ಇದೇ ಸಾಕಲ್ಲ? ಸಾಲದು. ಹನ್ನೆರಡು ಸಂದು ಊದಿದವರಿಗೆ ಹನ್ನೆರಡು ಸೂಜಿ ಹಾಕಲಾಗುವುದಿಲ್ಲ. ರೋಗದ ಬೇರು ಇರುವುದು ರಕ್ತದಲ್ಲಿ ತಿರುಗುವ ರೋಗನಿರೋಧಕ ಕಣಗಳಲ್ಲಿ. ಒಂದು ಮೊಣಕಾಲನ್ನು ಸುಮ್ಮನಾಗಿಸಿದರೆ ಅವು ಮಣಿಕಟ್ಟಿನಲ್ಲಿ ಕೆಲಸ ಮುಂದುವರಿಸುತ್ತವೆ. ಆದ್ದರಿಂದ ಇದು ಮೂಲ ಔಷಧಿಯ ಜೊತೆಗಾರ, ಬದಲಿಯಲ್ಲ. ಒಂದೇ ಕೀಲಿಗೆ ವರ್ಷಕ್ಕೆ ಮೂರು ನಾಲ್ಕಕ್ಕಿಂತ ಹೆಚ್ಚು ಸಲ ಬೇಡ ಎಂಬುದು ರೂಢಿ. ಹಾಕಿಸಿಕೊಂಡ ಒಂದೆರಡು ದಿನ ನೋವು ಹೆಚ್ಚಬಹುದು, ಆ ಕೀಲಿಗೆ ವಿಶ್ರಾಂತಿ ಕೊಡಿ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ, ಮೊದಲೇ ಹೇಳಿದರೆ ಗಾಬರಿಯಾಗುವುದಿಲ್ಲ. ಜ್ವರ ಬಂದು ಕೀಲು ಕೆಂಡದಂತಾದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಅಪರೂಪವಾದರೂ ಸೋಂಕು ತಗಲುವುದುಂಟು.

ನನ್ನ ತೀರ್ಮಾನ ಇದು: ಉಳಿದ ಕೀಲುಗಳೆಲ್ಲ ಹತೋಟಿಗೆ ಬಂದು ಒಂದೆರಡು ಮಾತ್ರ ಹಠ ಹಿಡಿದಿದ್ದರೆ, ಅಥವಾ ಮೆಥೋಟ್ರೆಕ್ಸೇಟ್ ಕೆಲಸ ಆರಂಭಿಸುವವರೆಗಿನ ಎರಡು ತಿಂಗಳನ್ನು ಹೇಗೋ ದಾಟಬೇಕಿದ್ದರೆ ಇದಕ್ಕೆ ಸಮನಾದದ್ದಿಲ್ಲ. ಮೆಣಸಿನಕಾಯಿ ಬಿಡಿಸುವ, ನೇಯುವ, ಬೀಡಿ ಕಟ್ಟುವ ಕೈಗಳು ಎರಡು ತಿಂಗಳು ಸುಮ್ಮನೆ ಕೂರಲಾರವು.

ಡೈಕ್ಲೊಫೆನಾಕ್ ಜೆಲ್ ಕೂಡ ನೋವಿನ ಜಾಗಕ್ಕೇ ಹಚ್ಚುವುದು ತಾನೇ ಎನ್ನುತ್ತಾರೆ. ಹೌದು. ಬೆರಳಿನ ನೋವು ತುಸು ಇಳಿಯುತ್ತದೆ, ನೋವಿನ ಗುಳಿಗೆಯಿಂದ ಹೊಟ್ಟೆಗೂ ಮೂತ್ರಪಿಂಡಕ್ಕೂ ಆಗುವ ಹಾನಿ ಬಹುಮಟ್ಟಿಗೆ ತಪ್ಪುತ್ತದೆ. ರೋಗಕ್ಕೆ ಅದು ಏನೂ ಮಾಡುವುದಿಲ್ಲ.

ಜೈವಿಕ ಇಂಜೆಕ್ಷನ್‌ಗಳು

ಲುಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಮತ್ತು ಅವರ ಸಹೋದ್ಯೋಗಿ ಮಾರ್ಕ್ ಫೆಲ್ಡ್‌ಮನ್ ಲಂಡನ್ನಿನಲ್ಲಿ 1990ರ ದಶಕದಲ್ಲಿ ತೋರಿಸಿದ್ದು ಸರಳ ಸಂಗತಿ: ಟಿಎನ್ಎಫ್ ಎಂಬ ಒಂದೇ ಅಣುವನ್ನು ತಡೆದರೆ ಊದಿದ ಕೀಲುಗಳು ತಗ್ಗುತ್ತವೆ. ಇನ್‌ಫ್ಲಿಕ್ಸಿಮಾಬ್, ಎಟನರ್ಸೆಪ್ಟ್, ಅಡಾಲಿಮುಮಾಬ್ ಬಂದದ್ದು ಆ ದಾರಿಯಲ್ಲಿ. ಜೀವಕೋಶಗಳಲ್ಲಿ ತಯಾರಿಸುವ ಪ್ರೋಟೀನುಗಳಾದ್ದರಿಂದ ಇವನ್ನು ಜೈವಿಕ ಎನ್ನುತ್ತಾರೆ. ಅಡಾಲಿಮುಮಾಬ್ 40 ಮಿಲಿಗ್ರಾಂ ಎರಡು ವಾರಕ್ಕೊಮ್ಮೆ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿ. ಮೆಥೋಟ್ರೆಕ್ಸೇಟ್ ಜೊತೆ ಕೊಟ್ಟರೆ ಹೆಚ್ಚು ಫಲ. ಅಂದರೆ ಸಂತೆಯ ದಿನದ ಗುಳಿಗೆ ಇಲ್ಲೂ ತಪ್ಪುವುದಿಲ್ಲ.

ಬೆಲೆಯ ಮಟ್ಟಿಗೆ ನಮ್ಮ ದೇಶದವರು ಅದೃಷ್ಟವಂತರು. ಅಹಮದಾಬಾದಿನ ಜೈಡಸ್ ಕಂಪನಿ 2014ರ ಡಿಸೆಂಬರಿನಲ್ಲಿ ಅಡಾಲಿಮುಮಾಬ್‌ನ ಬಯೋಸಿಮಿಲರನ್ನು ಬಿಡುಗಡೆ ಮಾಡಿತು, ಅದು ಜಗತ್ತಿನಲ್ಲೇ ಮೊದಲು. ಬಯೋಸಿಮಿಲರ್ ಎಂದರೆ ಮೂಲದ ಜೈವಿಕ ಔಷಧಿಗೆ ಗುಣದಲ್ಲಿ ಸರಿಗಟ್ಟುವಂತೆ ಬೇರೆಯವರು ತಯಾರಿಸಿದ್ದು. ಈಗ ಹಲವು ಕಂಪನಿಗಳವು ಇವೆ. ಆದರೂ ಲೆಕ್ಕ ಸಾವಿರಗಳಿಂದ ಹತ್ತಾರು ಸಾವಿರಕ್ಕೆ ಹೋಗುತ್ತದೆ. ಕಂಪನಿಗಳ ರೋಗಿ ಸಹಾಯ ಯೋಜನೆಗಳಿಂದ ಮುದ್ರಿತ ಬೆಲೆಗಿಂತ ಬಹಳ ಕಡಿಮೆಗೆ ಸಿಗುವುದುಂಟು. ವೈದ್ಯರನ್ನೂ ಕೇಳಿ, ಅಂಗಡಿಯವನನ್ನೂ ಕೇಳಿ, ನಾಚಿಕೆಪಡಬೇಡಿ. ವಿಮೆ ಇದ್ದವರು ಪಾಲಿಸಿಯಲ್ಲಿ "ಮೊನೊಕ್ಲೋನಲ್ ಪ್ರತಿಕಾಯ" (ಇಂಥ ಹಲವು ಜೈವಿಕ ಔಷಧಿಗಳ ವರ್ಗದ ಹೆಸರು) ಎಂಬ ಸಾಲು ಹುಡುಕಿ. ಆಸ್ಪತ್ರೆಯಲ್ಲಿ ಮಲಗಿಸಿ ಕೊಡುವ ಔಷಧಿಗೆ ಹಣ ಬಂದು, ಮನೆಯಲ್ಲಿ ಹಾಕಿಕೊಳ್ಳುವುದಕ್ಕೆ ಬಾರದೆ ಹೋಗಬಹುದು.

ಆರಂಭಿಸುವ ಮುಂಚೆ ಎದೆಯ ಎಕ್ಸ್‌ರೇ, ಸುಪ್ತ ಕ್ಷಯ ಪತ್ತೆಮಾಡುವ ಮಾಂಟು ಅಥವಾ ಇಗ್ರಾ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಲೇಬೇಕು. ಟಿಎನ್ಎಫ್ ತಡೆದಾಗ ಒಳಗೆ ಮಲಗಿರುವ ಕ್ಷಯ ಎದ್ದುಕೂರುತ್ತದೆ. ನಮ್ಮ ದೇಶದಲ್ಲಿ ಇದು ದೂರದ ಮಾತಲ್ಲ. ಸುಪ್ತ ಕ್ಷಯ ಕಂಡುಬಂದರೆ ಅದಕ್ಕೆ ಕನಿಷ್ಠ ಒಂದು ತಿಂಗಳು ಔಷಧಿ ಕೊಟ್ಟು ಆಮೇಲೆ ಆರಂಭಿಸುತ್ತಾರೆ. ಹಿಂದೆ ಕ್ಷಯ ಬಂದುಹೋದವರಿಗೆ ತಜ್ಞರು ಹಲವೊಮ್ಮೆ ರಿಟುಕ್ಸಿಮಾಬ್ ಕಡೆ ತಿರುಗುತ್ತಾರೆ. ಇದು ಬಿ ಕಣ ಎಂಬ ಬಿಳಿ ರಕ್ತಕಣಗಳನ್ನು ಹಿಡಿಯುತ್ತದೆ. ಎರಡು ವಾರದ ಅಂತರದಲ್ಲಿ ಎರಡು ಡ್ರಿಪ್, ಆಮೇಲೆ ಸುಮಾರು ಆರು ತಿಂಗಳು ಬಿಡುವು. ಆರ್‌ಎ ಫ್ಯಾಕ್ಟರ್ ಅಥವಾ ಆಂಟಿ ಸಿಸಿಪಿ ಇರುವವರಿಗೆ ಹೆಚ್ಚು ಒಪ್ಪುತ್ತದೆ. ಹಳ್ಳಿಯಿಂದ ಬರುವವರಿಗೆ ಈ ಆರು ತಿಂಗಳ ಬಿಡುವೇ ದೊಡ್ಡ ಅನುಕೂಲ, ಎರಡು ವಾರಕ್ಕೊಮ್ಮೆ ತಂಪು ಪೆಟ್ಟಿಗೆ ಹೊತ್ತು ತಿರುಗಬೇಕಿಲ್ಲ. ಹೆಪಟೈಟಿಸ್ ಬಿ ಪರೀಕ್ಷೆ ಮಾತ್ರ ಇಲ್ಲಿ ಇನ್ನೂ ಕಟ್ಟುನಿಟ್ಟು. ಮೆಥೋಟ್ರೆಕ್ಸೇಟ್ ಯಾವ ರೂಪದಲ್ಲೂ ಒಗ್ಗದವರಿಗೆ ಟೋಸಿಲಿಜುಮಾಬ್ ಎಂಬ ಇನ್ನೊಂದು ಜೈವಿಕ ಔಷಧಿ ಒಂಟಿಯಾಗಿಯೂ ಕೆಲಸ ಮಾಡುತ್ತದೆ.

ತಂಪು ಪೆಟ್ಟಿಗೆಯ ಮಾತು ಬಂತು. ಈ ಔಷಧಿಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ವಿಜಯಪುರದಲ್ಲಿ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಹೊಸತೇನಲ್ಲ. ಒಮ್ಮೆ ನನ್ನ ಗಿರಾಕಿಯೊಬ್ಬರಿಗೆ ಹೊರಊರಿನಿಂದ ತರಿಸಿದ ಇಂಜೆಕ್ಷನ್ ಬಂತು. ಬಿಸಿಲಿಗೆ ಹೆದರಿದ ಯಾರೋ ಅದನ್ನು ಮಂಜುಗಡ್ಡೆಗೇ ಒತ್ತಿ ಇಟ್ಟಿದ್ದರು. ತೆರೆದಾಗ ಔಷಧಿ ಹೆಪ್ಪುಗಟ್ಟಿತ್ತು. ಹೆಪ್ಪುಗಟ್ಟಿದ್ದು ಕರಗಿದರೂ ಹಾಳೇ. ಪ್ರೋಟೀನು ಕೆಟ್ಟಿರುತ್ತದೆ, ಎಸೆಯಲೇಬೇಕು. ಅಷ್ಟು ದುಡ್ಡನ್ನು ಕಸದ ಬುಟ್ಟಿಗೆ ಹಾಕುವಾಗ ಆ ಮನುಷ್ಯನ ಮುಖ ನೋಡಲಾಗಲಿಲ್ಲ. ಇಂಜೆಕ್ಷನ್ನನ್ನು ಬಟ್ಟೆಯಲ್ಲಿ ಸುತ್ತಿ, ಮಂಜಿನ ಚೀಲಕ್ಕೆ ತಾಗದಂತೆ ಥರ್ಮೊಕೋಲ್ ಪೆಟ್ಟಿಗೆಯಲ್ಲಿಡಿ. ಮನೆಯ ಫ್ರಿಜ್ಜಿನಲ್ಲಿ ಬಾಗಿಲಲ್ಲೂ ಬೇಡ, ಫ್ರೀಜರಿನ ಹತ್ತಿರವೂ ಬೇಡ, ನಡುವಿನ ತಟ್ಟೆಯಲ್ಲಿಡಿ.

ಜಾಕ್ ತಡೆಯುವ ಗುಳಿಗೆ

ಜಾಕ್ ಎಂದರೆ ಜೀವಕೋಶದೊಳಗೆ ಉರಿಯೂತದ ಸಂದೇಶ ಸಾಗಿಸುವ ಕಿಣ್ವ. ಅದನ್ನು ತಡೆಯುವವು ಟೋಫಾಸಿಟಿನಿಬ್, ಬಾರಿಸಿಟಿನಿಬ್. ಸೂಜಿ ಇಲ್ಲ, ಫ್ರಿಜ್ ಬೇಡ. ಭಾರತದಲ್ಲಿ ಜೆನೆರಿಕ್ ಬಂದ ಮೇಲೆ ಜೈವಿಕ ಇಂಜೆಕ್ಷನ್ನಿಗಿಂತ ಬಹಳ ಅಗ್ಗ. ಕೆಲಸವೂ ಬೇಗ, ಕೆಲವು ವಾರಗಳಲ್ಲೇ ವ್ಯತ್ಯಾಸ ತಿಳಿಯುತ್ತದೆ. ಮೆಥೋಟ್ರೆಕ್ಸೇಟ್ ಸೋತಾಗ ನಮ್ಮ ಭಾಗದ ಮಧ್ಯಮ ವರ್ಗದ ಮನೆಗಳಿಗೆ ಹೆಚ್ಚು ಒಪ್ಪುವುದು ಇದೇ ಎಂದು ತೋರುತ್ತದೆ, ಆದ್ದರಿಂದಲೇ ಇದರ ಬಗ್ಗೆ ಎಚ್ಚರವೂ ಹೆಚ್ಚು ಬೇಕು. ಹೃದಯದ ಅಪಾಯವಿರುವ 50 ದಾಟಿದವರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ, ಟಿಎನ್ಎಫ್ ಔಷಧಿ ತೆಗೆದುಕೊಂಡವರಿಗಿಂತ ಟೋಫಾಸಿಟಿನಿಬ್ ತೆಗೆದುಕೊಂಡವರಲ್ಲಿ ಹೃದಯಾಘಾತ, ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವುದು ಹೆಚ್ಚು ಕಂಡುಬಂತು. 2021ರಲ್ಲಿ ಅಮೆರಿಕದ ಔಷಧಿ ನಿಯಂತ್ರಕರು ಎಚ್ಚರಿಕೆಯನ್ನು ಬಿಗಿ ಮಾಡಿದರು. 65 ದಾಟಿದವರು, ಬೀಡಿ ಸಿಗರೇಟು ಸೇದುವವರು, ಹೃದಯದ ಸ್ಟೆಂಟ್ ಹಾಕಿಸಿಕೊಂಡವರು ಬೇರೆ ದಾರಿ ಇದ್ದರೆ ಅದನ್ನೇ ಹಿಡಿಯುವುದು ಒಳ್ಳೆಯದು. ಸರ್ಪಸುತ್ತು ಏಳುವ ಸಂಭವ ಹೆಚ್ಚು. ಕ್ಷಯದ ಪರೀಕ್ಷೆ ಇಲ್ಲೂ ತಪ್ಪದು. ಬಸುರಿಯರಿಗೆ ಸಲ್ಲ. ಗುಳಿಗೆ ಎಂಬ ಕಾರಣಕ್ಕೆ ಚೀಟಿ ಇಲ್ಲದೆ ಕೇಳುವವರು ಬರುತ್ತಾರೆ, ನಾನು ಕೊಡುವುದಿಲ್ಲ.

ಬೀಡಿಯ ಮಾತಿಗೆ ಒಂದು ಸೇರಿಕೆ. ನಿಪ್ಪಾಣಿ ಕಡೆಯವರು ಬೇಸರಪಟ್ಟುಕೊಂಡರೂ ಸರಿ, ತಂಬಾಕಿನ ಹೊಗೆ ಈ ರೋಗ ಬರುವ ಸಂಭವವನ್ನೇ ಹೆಚ್ಚಿಸುತ್ತದೆ, ಮೆಥೋಟ್ರೆಕ್ಸೇಟ್ ಮತ್ತು ಟಿಎನ್ಎಫ್ ಔಷಧಿಗಳ ಫಲವನ್ನೂ ಕುಗ್ಗಿಸುತ್ತದೆ. ಸೇದುವುದನ್ನು ಬಿಡುವುದಕ್ಕೆ ಖರ್ಚಿಲ್ಲ.

ನ್ಯಾನೊ: ವಿಡಿಯೊದಲ್ಲಿ ಕಂಡದ್ದು

ತತ್ತ್ವ ನಿಜಕ್ಕೂ ಚೆಂದವಾಗಿದೆ. ಊದಿದ ಕೀಲಿನ ರಕ್ತನಾಳಗಳು ಸೋರುತ್ತವೆ, ಆರೋಗ್ಯವಂತ ನಾಳಗಳು ಅಷ್ಟು ಸೋರುವುದಿಲ್ಲ. ಸುಮಾರು 100 ನ್ಯಾನೊಮೀಟರ್ ಗಾತ್ರದ ಲೈಪೊಸೋಮ್ ಗುಳ್ಳೆಯಲ್ಲಿ ಔಷಧಿ ತುಂಬಿ ರಕ್ತಕ್ಕೆ ಬಿಟ್ಟರೆ, ಅದು ಸೋರುವ ಕಡೆಯೇ ಹೊರಬಿದ್ದು ಅಲ್ಲಿನ ಭಕ್ಷಕ ಕಣಗಳ ಬಾಯಿಗೆ ಸಿಗುತ್ತದೆ. ಇನ್ನೂ ಚುರುಕಾಗಿಸಲು ಗುಳ್ಳೆಯ ಮೈಗೆ ಫೋಲೇಟ್ ಅಂಟಿಸುತ್ತಾರೆ. ಕೆರಳಿದ ಭಕ್ಷಕ ಕಣಗಳ ಮೇಲೆ ಫೋಲೇಟ್ ಹಿಡಿಯುವ ಗ್ರಾಹಕಗಳು ಇರುವುದರಿಂದ ಬೀಗಕ್ಕೆ ಕೀಲಿಕೈ ಸಿಕ್ಕಂತಾಗುತ್ತದೆ. ಹೈಲುರೋನಿಕ್ ಆಮ್ಲ, ಆಲ್ಬುಮಿನ್ ಬಳಸಿದ ವಾಹನಗಳೂ ಇವೆ. ಸ್ಟೀರಾಯ್ಡ್ ತುಂಬಿದ ಲೈಪೊಸೋಮ್ ಮನುಷ್ಯರ ಮೇಲಿನ ಪರೀಕ್ಷೆಯವರೆಗೂ ಹೋಗಿದೆ.

ಆದರೆ ಈ ಗುಳ್ಳೆಗಳ ದೊಡ್ಡ ಪಾಲನ್ನು ಯಕೃತ್ತು ಮತ್ತು ಗುಲ್ಮ ದಾರಿಯಲ್ಲೇ ಹಿಡಿದುಬಿಡುತ್ತವೆ. ಇಲಿಯ ಊದಿದ ಪಾದದಲ್ಲಿ ಗೆದ್ದದ್ದು ಮನುಷ್ಯನ ಮಣಿಕಟ್ಟಿನಲ್ಲಿ ಗೆಲ್ಲಬೇಕೆಂದಿಲ್ಲ. ಒಂದೇ ಗಾತ್ರದ ಕಣಗಳನ್ನು ಪ್ರತಿ ಸಲವೂ ಒಂದೇ ರೀತಿ ತಯಾರಿಸುವುದು ದುಬಾರಿ ಕೆಲಸ. ಕ್ಯಾನ್ಸರಿಗೆ ಲೈಪೊಸೋಮ್ ಔಷಧಿ 1995ರಲ್ಲೇ ಅಮೆರಿಕದ ಮಾರುಕಟ್ಟೆಗೆ ಬಂತು. ರುಮಟಾಯ್ಡ್ ಸಂಧಿವಾತಕ್ಕೆ ಕೀಲು ಹುಡುಕಿಕೊಂಡು ಹೋಗುವ ಅಂಥ ಔಷಧಿ ಅಂಗಡಿಯ ಕಪಾಟಿಗೆ ಇನ್ನೂ ಬಂದಿಲ್ಲ. ಕಣಗಳಿಂದ ನಿಧಾನವಾಗಿ ಬಿಡುಗಡೆಯಾಗುವ ಟ್ರಯಾಮ್ಸಿನೊಲೋನ್ ಸೂಜಿಗೆ ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು, ಅದೂ ಸವೆದ ಮೊಣಕಾಲಿಗೆ, ಈ ರೋಗಕ್ಕಲ್ಲ. ಹತ್ತಿರದ ಸಂಬಂಧಿ ಎನ್ನಬಹುದಾದದ್ದು ಸರ್ಟೊಲಿಜುಮಾಬ್: ಪ್ರತಿಕಾಯದ ತುಂಡಿಗೆ ಪಾಲಿಮರ್ ಅಂಟಿಸಿದ ಔಷಧಿ. ಗರ್ಭದಲ್ಲಿರುವ ಮಗುವಿಗೆ ಅಷ್ಟಾಗಿ ದಾಟುವುದಿಲ್ಲ ಎಂಬುದು ಅದರ ದೊಡ್ಡ ಗುಣ.

ಹಾಗಾಗಿ "ನ್ಯಾನೊ ಚಿಕಿತ್ಸೆ ಕೊಡುತ್ತೇವೆ, ಮುಂಗಡ ಕಟ್ಟಿ" ಎಂದು ಯಾರಾದರೂ ಹೇಳಿದರೆ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳಿ. ನಿಜವಾದ ಪ್ರಯೋಗವಾದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಸಂಖ್ಯೆ ಇರಬೇಕು, ನಿಮಗೆ ತಿಳಿಯುವ ಭಾಷೆಯಲ್ಲಿ ಒಪ್ಪಿಗೆ ಪತ್ರ ಕೊಡಬೇಕು, ಪ್ರಯೋಗದ ಔಷಧಿಗೆ ನಿಮ್ಮಿಂದ ಹಣ ಕೇಳಬಾರದು. ಹೆಸರಿಲ್ಲದ ಪುಡಿ, ಲೇಬಲ್ ಇಲ್ಲದ ಉಂಡೆ ಕೊಡುವವರ ಬಗ್ಗೆಯೂ ಇದೇ ಮಾತು. ಎರಡೇ ದಿನದಲ್ಲಿ ನೋವು ಮಂಗಮಾಯವಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಂಶಯ ಪಡಬೇಕು. ತಿಂಗಳುಗಟ್ಟಲೆ ಹಾಗೆ ತಿಂದವರ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಎಲುಬು ಟೊಳ್ಳಾಗುತ್ತದೆ.

ಹೊಸತಕ್ಕೆ ಕಾಯುತ್ತ ಹಳೆಯದನ್ನು ನಿಲ್ಲಿಸುವುದು ಇನ್ನೊಂದು ತಪ್ಪು. ರೋಗದ ಮೊದಲ ಕೆಲವು ತಿಂಗಳು ಬಹಳ ಮುಖ್ಯ. ಕೊರೆದುಹೋದ ಎಲುಬನ್ನು ಮುಂದೆ ಯಾವ ನ್ಯಾನೊ ಕಣವೂ ತುಂಬಿಕೊಡುವುದಿಲ್ಲ.

ಯಾರಿಗೆ ಯಾವುದು

ಈಗಷ್ಟೇ ರೋಗ ಗೊತ್ತಾಗಿದೆ, ಕೈಯಲ್ಲಿ ದುಡ್ಡು ಕಡಿಮೆ ಎನ್ನುವವರಿಗೆ ಮೆಥೋಟ್ರೆಕ್ಸೇಟ್, ಜೊತೆಗೆ ಬೇಕಾದರೆ ಹೈಡ್ರಾಕ್ಸಿಕ್ಲೋರೋಕ್ವಿನ್. ಜನೌಷಧಿ ಕೇಂದ್ರದಲ್ಲೂ ವಿಚಾರಿಸಿ, ನನ್ನ ವ್ಯಾಪಾರ ಹೋದರೆ ಹೋಗಲಿ. ಮದುವೆಯಾಗಿ ಮಗುವಿನ ಯೋಚನೆಯಲ್ಲಿರುವ ಹುಡುಗಿಗೆ ಹೈಡ್ರಾಕ್ಸಿಕ್ಲೋರೋಕ್ವಿನ್, ಸಲ್ಫಾಸಲಜಿನ್, ರೋಗ ಜೋರಾಗಿದ್ದರೆ ಸರ್ಟೊಲಿಜುಮಾಬ್ ಬಗ್ಗೆ ಕೇಳುವುದು. ಗರ್ಭ ನಿಂತ ಮೇಲಲ್ಲ, ಮುಂಚೆ. ಮೂರು ತಿಂಗಳಲ್ಲಿ ಸುಧಾರಣೆಯೇ ಇಲ್ಲ, ಆರು ತಿಂಗಳಲ್ಲಿ ರೋಗ ತಗ್ಗಿಲ್ಲ ಎಂದಾದರೆ ಔಷಧಿ ಬದಲಿಸುವ ಮಾತು ವೈದ್ಯರಿಂದ ಬಾರದಿದ್ದರೆ ನೀವೇ ಎತ್ತಿ. ಆಗ 40ರೊಳಗಿನ, ಸೇದದ, ಹೃದಯ ಸರಿಯಿರುವ ಶಿಕ್ಷಕಿಗೆ ಟೋಫಾಸಿಟಿನಿಬ್ ಜೆನೆರಿಕ್ ಹೊಂದಬಹುದು. ಸ್ಟೆಂಟ್ ಇರುವ ನಿವೃತ್ತ ನೌಕರರಿಗೆ ಜೈವಿಕ ಇಂಜೆಕ್ಷನ್, ಹಿಂದೆ ಕ್ಷಯ ಬಂದಿದ್ದರೆ ರಿಟುಕ್ಸಿಮಾಬ್.

ಅಕ್ಕನದು ಇವುಗಳ ನಡುವಿನ ಸ್ಥಿತಿ. 15 ಮಿಲಿಗ್ರಾಂ ಗುಳಿಗೆಯಲ್ಲಿ ಬಹುತೇಕ ಸಂದುಗಳು ತಣ್ಣಗಿದ್ದವು, ವಾಕರಿಕೆ ಮಾತ್ರ ಬಿಡುತ್ತಿರಲಿಲ್ಲ, ಬಲಗೈಯ ಮಣಿಕಟ್ಟು ಒಂದೇ ಹಠ ಹಿಡಿದಿತ್ತು. ಮೂರು ದಾರಿ ಮುಂದಿದ್ದವು: ಟೋಫಾಸಿಟಿನಿಬ್, ಅಡಾಲಿಮುಮಾಬ್, ಇಲ್ಲವೇ ಇದ್ದದ್ದನ್ನೇ ಬೇರೆ ದಾರಿಯಲ್ಲಿ ಕೊಡುವುದು. ಅವಳು ತಜ್ಞರ ಜೊತೆ ಮಾತಾಡಿ ಮೂರನೆಯದನ್ನು ಆರಿಸಿಕೊಂಡಳು. ಮೆಥೋಟ್ರೆಕ್ಸೇಟ್ ಈಗ ವಾರಕ್ಕೊಂದು ಇಂಜೆಕ್ಷನ್, ಮಣಿಕಟ್ಟಿನೊಳಗೆ ಒಂದು ಸ್ಟೀರಾಯ್ಡ್ ಸೂಜಿ. ರೊಟ್ಟಿ ಬಡಿಯುವುದು ಮತ್ತೆ ಆರಂಭವಾಗಿದೆ, ಮಗ್ಗಕ್ಕೆ ಮಾತ್ರ ಇನ್ನೂ ಕೂರಿಸಿಲ್ಲ. ಮುಂದಿನ ತಿಂಗಳು ವೈದ್ಯರು ಮತ್ತೆ 28 ಕೀಲುಗಳನ್ನು ಒಂದೊಂದಾಗಿ ಒತ್ತಿ ಎಣಿಸುತ್ತಾರೆ. ಎಣಿಕೆ ಇಳಿಯದಿದ್ದರೆ ಮುಂದಿನ ಮೆಟ್ಟಿಲು ಹತ್ತುವುದು ಎಂದು ಮಾತಾಗಿದೆ, ಕ್ಷಯದ ಪರೀಕ್ಷೆಯನ್ನೂ ಈಗಲೇ ಮಾಡಿಸಿಟ್ಟಿದ್ದೇವೆ. ಅಲ್ಲಿಯವರೆಗೆ ಹೊಸ ಔಷಧಿಯ ವಿಡಿಯೊ ಒಂದನ್ನೂ ಕಳಿಸಬೇಡಿ ಎಂದು ಭಾವನಿಗೆ ಅಪ್ಪಣೆಯಾಗಿದೆ.